ಗರಗಸದ ಹಿಂದೆ ಒಂದು ಉಕ್ಕಿನ ತಗಡು

ಶಿರಸಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿರುವ ದಾಸನಕೊಪ್ಪದ ಹೊತ್ತಿಗೆ ಮಲೆನಾಡು ಮುಗಿಯುತ್ತ ಬಂದಿರುತ್ತದೆ, ಬಯಲುಸೀಮೆ ಪೂರ್ತಿ ಶುರುವಾಗಿರುವುದಿಲ್ಲ. ಒಂದು ಮಗ್ಗುಲಿಗೆ ಅಡಿಕೆ ತೋಟ, ಇನ್ನೊಂದು ಮಗ್ಗುಲಿಗೆ ಗೋವಿನಜೋಳದ ಹೊಲ. ಮನೆ ಕಟ್ಟುವ ಕ್ರಮದಲ್ಲೂ ಎರಡು ಸೀಮೆಗಳು ಬೆರೆತಿವೆ. ಆದರೆ ಮರದ ಮೇಲಿನ ಅಕ್ಕರೆ ಎರಡೂ ಕಡೆ ಒಂದೇ. ತಲೆಬಾಗಿಲಿಗೆ ಸಾಗವಾನಿ, ಕಿಟಕಿ ಚೌಕಟ್ಟಿಗೆ ಮತ್ತಿ ಇಲ್ಲವೇ ನಂದಿ, ದೇವರ ಪೀಠಕ್ಕೆ ಹಲಸು: ಯಾವುದಕ್ಕೆ ಯಾವ ಮರ ಎಂಬುದನ್ನು ಇಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಇರಬೇಕು, ಈ ಕಡೆಯ ಕೊಟ್ಟಿಗೆಗಳಲ್ಲಿ, ಮುಚ್ಚಿಹೋದ ಅಕ್ಕಿಗಿರಣಿಯ ಮೂಲೆಗಳಲ್ಲಿ, ಅಡಿಕೆ ಒಣಗಿಸುವ ಮಾಡಿನ ಕೆಳಗೆ, ಮರ ಕೊಯ್ಯುವ ಹಳೆಯ ಮಶಿನ್ನೊಂದು ಗೋಣಿಚೀಲ ಹೊದ್ದು ಕೂತಿರುವುದು ಅಪರೂಪವಲ್ಲ. ಎರಡು ಮೂರು ತಲೆಮಾರಿನ ಹಿಂದೆ ಮನೆ ಕಟ್ಟುವಾಗಲೋ, ಆಚಾರಿಯೊಬ್ಬರು ಕಸುಬು ಬಿಟ್ಟಾಗಲೋ ಕೈ ಬದಲಿಸಿ ಬಂದಂಥವು. ಬಹಳಷ್ಟಕ್ಕೆ ತಯಾರಕರ ಹೆಸರಿನ ಫಲಕವೂ ಉಳಿದಿಲ್ಲ. ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ, ನಮ್ಮದೇ ಬೆಳಗಾವಿ, ಇಂಥ ಎರಕದ ಊರುಗಳಿಂದ ಬಂದ ಬೀಡಿನ ಮೇಜು, ಕೆಳಗೆ ಕೋನಪಟ್ಟಿಯ ಚೌಕಟ್ಟು, ನಡುವೆ ಒಂದು ಶಾಫ್ಟು, ಅದರ ತುದಿಯಲ್ಲಿ ದುಂಡನೆಯ ಗರಗಸ. ಪೇಟೆಯವರು ಟೇಬಲ್ ಸಾ ಎನ್ನುವುದನ್ನು ಇಲ್ಲಿ ಕಟಿಂಗ್ ಮಶಿನ್ನು ಎನ್ನುತ್ತಾರೆ.

ನನ್ನ ಮನೆಯ ಹಿಂದಿನ ಮಾಡಿನಲ್ಲಿ ಇರುವುದೂ ಅಂಥದ್ದೇ. ಇವನ್ನು ಗುಜರಿಗೆ ತೂಗಿಸುವುದು ನನಗೆ ಸಂಕಟದ ವಿಷಯ. ಹಾಗೆಂದು, ಸಿಕ್ಕಿದ ಹಾಗೆಯೇ ಬೆಲ್ಟು ಏರಿಸಿ ಕೊಯ್ಯಲು ನಿಲ್ಲುವುದು ಅದಕ್ಕಿಂತ ದೊಡ್ಡ ಸಂಕಟಕ್ಕೆ ದಾರಿ. ಹಳೆಯ ಮಶಿನ್ನಿನ ಬೀಡು ಇಂದಿನ ಹಗುರ ಮೇಜುಗಳಿಗಿಂತ ಎಷ್ಟೋ ಮೇಲು. ಆದರೆ ಕೈ ಕಾಯುವ ಭಾಗಗಳ ಮಟ್ಟಿಗೆ ಅದು ಬಹುತೇಕ ಬರಿಗೈ. ಹಾಗಾಗಿ ಇಂಥ ಮಶಿನ್ನಿಗೆ ಕೈ ಹಚ್ಚುವವರು ಮೊದಲು ನೋಡಬೇಕಾದ್ದು ಅದರ ನೇರವನ್ನು ಮತ್ತು ಕಾವಲನ್ನು. ಮೋಟರಿನ ಎಚ್‌ಪಿ ಹೆಚ್ಚಿಸುವ ಮಾತು ಆಮೇಲೆ.

ನೂಲು ಹೊಡೆಯುತ್ತಿದ್ದ ಕಾಲದಿಂದ ಶುರು ಮಾಡಿದರೆ ನೇರದ ಮಾತು ಸ್ಪಷ್ಟವಾಗುತ್ತದೆ. ದಿಮ್ಮಿಯನ್ನು ಎತ್ತರದ ಅಟ್ಟಣಿಗೆ ಮೇಲೆ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದವರು ಮಸಿ ಅದ್ದಿದ ನೂಲನ್ನು ಬಿಗಿಹಿಡಿದು ಹೊಡೆದು ಗೆರೆ ಮೂಡಿಸುತ್ತಿದ್ದರು. ಗರಗಸ ಆ ಗೆರೆ ಬಿಡುವಂತಿಲ್ಲ. ಇಲ್ಲಿಗೆ ಹತ್ತಿರದ ಬನವಾಸಿಯ ಮಧುಕೇಶ್ವರ ದೇವಾಲಯದ ದೊಡ್ಡ ರಥವನ್ನು 1608ರಲ್ಲಿ ಸೋದೆಯ ರಾಮಚಂದ್ರ ನಾಯಕರು ಮಾಡಿಸಿಕೊಟ್ಟರೆನ್ನುತ್ತಾರೆ. ಆ ಕಾಲದಲ್ಲಿ ಅಂಥ ಕೆಲಸವೆಲ್ಲ ಕೈಗರಗಸ, ಬಾಚಿ, ಉಳಿಗಳದೇ. ಶಿರಸಿ, ಸೊರಬ, ಸಾಗರದ ಗುಡಿಗಾರರು ಇಂದಿಗೂ ಗಂಧ, ಶಿವನೆ ಮರದಲ್ಲಿ ಕೂದಲೆಳೆಯ ಲೆಕ್ಕದಲ್ಲಿ ಕೆತ್ತುತ್ತಾರೆ. ಅವರಿಗೆ ಕಣ್ಣೇ ಅಳತೆ. ಮಶಿನ್ನಿಗೆ ಕಣ್ಣಿಲ್ಲ. ಬ್ಲೇಡು ಎತ್ತ ತಿರುಗಿ ನಿಂತಿದೆಯೋ ಅತ್ತ ಕೊಯ್ಯುತ್ತದೆ, ಹಲಗೆ ಆತು ಸಾಗುವ ಪಕ್ಕದ ಪಟ್ಟಿ, ಅಂದರೆ ಗೈಡು, ಎತ್ತ ಬಾಗಿದೆಯೋ ಅತ್ತ ಹಲಗೆಯನ್ನು ನೂಕುತ್ತದೆ. ಇವೆರಡೂ ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ನಡುವೆ ಸಿಕ್ಕ ಮರಕ್ಕೆ ಎಡೆಯಿಲ್ಲ. ಆಗ ಅದು ಸುಡುತ್ತದೆ, ಇಲ್ಲವೇ ನಿಂತವರ ಮೇಲೆ ಎಗರುತ್ತದೆ.

ಶಾಫ್ಟಿನಿಂದ ಮೊದಲುಮಾಡಿ

ಬಹಳ ಜನ ಮೇಜಿನ ತುಕ್ಕು ಉಜ್ಜುವುದರಿಂದ ಶುರು ಮಾಡುತ್ತಾರೆ. ಕಣ್ಣಿಗೆ ಕಾಣುವ ಕೆಲಸ ಅದು, ಸಂಜೆಯೊಳಗೆ ಹೊಳಪು ಬರುತ್ತದೆ, ಮನಸ್ಸಿಗೆ ಹಿತ. ಆದರೆ ಶಾಫ್ಟು ಬಾಗಿದ್ದರೆ ಹೊಳೆಯುವ ಮೇಜಿನಿಂದ ಏನೂ ಬಂದಂತಾಗಲಿಲ್ಲ. ಬೆಲ್ಟು ಕಳಚಿ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಎಂದರೆ ಬೇರಿಂಗು ಹೋಗಿದೆ. ಮೇಲೆ ಕೆಳಗೆ ಅಲುಗಿಸಿದಾಗ ಟಕಟಕ ಎಂದರೆ ಬೇರಿಂಗು ಕೂರುವ ಜಾಗವೇ ಸವೆದಿದೆ. ಬೇರಿಂಗಿನ ಅಂಚಿನ ಮೇಲೆ ನಂಬರು ಕೆತ್ತಿರುತ್ತದೆ: 6204 ಎಂದಿದ್ದರೆ 20 ಮಿ.ಮೀ. ಶಾಫ್ಟಿಗೆ, 6205 ಎಂದಿದ್ದರೆ 25 ಮಿ.ಮೀ. ಶಾಫ್ಟಿಗೆ. ಈ ನಂಬರುಗಳು ಎಲ್ಲ ಕಂಪನಿಗಳಿಗೂ ಒಂದೇ ಆದ್ದರಿಂದ ಪಂಪು, ಮಿಕ್ಸರು, ಗಿರಣಿ ಸಾಮಾನು ಮಾರುವ ಶಿರಸಿಯ ಅಂಗಡಿಯಲ್ಲೂ ಸಿಗುತ್ತವೆ. ಎರಡೂ ಬದಿ ರಬ್ಬರ್ ಮುಚ್ಚಳ ಇರುವಂಥದ್ದನ್ನೇ ಕೇಳಿ ತರಬೇಕು. ಮರದ ಹೊಟ್ಟು ಗ್ರೀಸಿನೊಳಗೆ ಸೇರಿತೆಂದರೆ ಬೇರಿಂಗಿನ ಆಯುಷ್ಯ ಮುಗಿದಂತೆ.

ನನ್ನ ಶಾಫ್ಟನ್ನು ಲೇತಿಗೆ ಒಯ್ದಾಗ ಅಲ್ಲಿನ ಮೇಸ್ತ್ರಿ ಅದನ್ನು ಕಚ್ಚಿಸಿ, ಗೇಜು ಹಚ್ಚಿ ತಿರುಗಿಸಿ ನೋಡಿದರು.

"ನಡುವ ಚಲೋ ಐತ್ರಿ ಸರ. ಬೇರಿಂಗ್ ಕೂರೋ ಜಾಗ ಒಂದ್ ಕಡಿ ತಿಂದೈತಿ."

"ವೆಲ್ಡಿಂಗ್ ತುಂಬಿ ಟರ್ನ್ ಮಾಡಿದರೆ ಆಗುವುದಿಲ್ಲವೇನ್ರಿ?"

"ಆಕ್ಕೈತಿ. ಆದ್ರ ಕಾವಿಗೆ ಬಾಗ್ತೈತಿ. ಇಎನ್-8 ರಾಡು ತರಸ್ರಿ, ಹೊಸಾದ ಮಾಡಿ ಕೊಡ್ತೀನಿ. ಕೈ ಇಡೋ ಮಶಿನ್ನ ಐತಿ ಇದು."

ಅವರ ಕೊನೆಯ ಮಾತಿನಲ್ಲಿ ಎಲ್ಲ ಬಂತು. ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟಿಗೆ ತೇಪೆ ಹಾಕಬಾರದು. ಹೊಸ ಶಾಫ್ಟು ಮಾಡಿಸುವವರು ತುದಿಯ ಮರೆಯ (ನಟ್ಟು ಕೂರುವ ತಿರುಪಿನ) ಬಗ್ಗೆಯೂ ಹೇಳಿ ಮಾಡಿಸಬೇಕು. ಬ್ಲೇಡು ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದಾಗ ನಟ್ಟು ಬಿಗಿಯಾಗಬೇಕು. ಮರೆಯ ದಿಕ್ಕು ತಪ್ಪಾದರೆ ಮಶಿನ್ನು ಶುರುವಾಗುವ ಜಗ್ಗಿಗೇ ನಟ್ಟು ಸಡಿಲವಾಗುತ್ತದೆ. ಬ್ಲೇಡನ್ನು ಎರಡೂ ಕಡೆಯಿಂದ ಹಿಡಿಯುವ ಬಿಲ್ಲೆಗಳ ಮುಖವನ್ನು ಶಾಫ್ಟಿನ ಮೇಲೆಯೇ ಕೂರಿಸಿ ಒಂದೇ ಸಲಕ್ಕೆ ಟರ್ನ್ ಮಾಡಿಸಬೇಕು. ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಓರೆ ಉಳಿದರೂ ಬ್ಲೇಡಿನ ಅಂಚಿಗೆ ಬರುವಷ್ಟರಲ್ಲಿ ಅದು ಹಲವು ಪಟ್ಟಾಗಿ ಕಾಣುತ್ತದೆ.

ಚಕ್ರ ಚಿಕ್ಕದಾದರೆ ಲೆಕ್ಕ ಬೇರೆ

ಹಳೆಯ ಮಶಿನ್ನುಗಳು ಹೆಚ್ಚಾಗಿ 14 ಇಂಚು ಇಲ್ಲವೇ ಅದಕ್ಕೂ ದೊಡ್ಡ ಸಾದಾ ಉಕ್ಕಿನ ಬ್ಲೇಡು ತಿರುಗಿಸಲು ಆದಂಥವು. ಆ ಬ್ಲೇಡಿನ ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಎಡಬಲಕ್ಕೆ ಬಾಗಿಸಿ, ಮೂರು ಮೂಲೆಯ ಅರದಿಂದ ತಿಕ್ಕಿ ಹರಿತ ಮಾಡುತ್ತಿದ್ದರು. ಈಗ ಆ ಅರ ಹಾಕುವ ಕೈಗಳು ಕಡಿಮೆ. ಮೇಲಾಗಿ ನಮ್ಮ ಮರಗಳು ಉಕ್ಕನ್ನು ಬೇಗ ತಿನ್ನುತ್ತವೆ. ಸಾಗವಾನಿ ಕೈಗೆ ಎಣ್ಣೆಯಂತೆ ನುಣುಪಾಗಿದ್ದರೂ ಅದರೊಳಗೆ ಸಿಲಿಕಾ ಇದೆ, ಅಂದರೆ ಮರಳಿನ ಅಂಶ. ಅದಕ್ಕಾಗಿ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಹಲ್ಲುಗಳಿರುವ ಬ್ಲೇಡಿಗೆ ಬದಲಾಯಿಸುವುದೇ ಸರಿ. ಉದ್ದಕ್ಕೆ ಸೀಳಲು 10 ಇಂಚಿನ 24 ಹಲ್ಲಿನದು, ಅಡ್ಡ ಕತ್ತರಿಸಲು 60 ಹಲ್ಲಿನದು, ಎರಡು ಬ್ಲೇಡು ಇದ್ದರೆ ಮನೆಯ ಕೆಲಸಕ್ಕೆ ಧಾರಾಳ. ಒಂದೇ ಬ್ಲೇಡಿನಲ್ಲಿ ಎರಡನ್ನೂ ಮಾಡುತ್ತೇನೆಂದು 60 ಹಲ್ಲಿನದರಲ್ಲಿ ಎರಡು ಇಂಚು ದಪ್ಪದ ಮತ್ತಿಯನ್ನು ಸೀಳಲು ಹೋದರೆ ಹೊಗೆ ಏಳುತ್ತದೆ.

ಆದರೆ 14 ಇಂಚಿನ ಜಾಗಕ್ಕೆ 10 ಇಂಚಿನದನ್ನು ಹಾಕಿದ ಕೂಡಲೇ ಎರಡು ಸಂಗತಿ ಬದಲಾಗುತ್ತವೆ. ಮೊದಲನೆಯದು ವೇಗ. 1440 ಸುತ್ತಿನ ಮೋಟರಿಗೆ 4 ಇಂಚಿನ ಪುಲ್ಲಿ, ಶಾಫ್ಟಿಗೆ 3 ಇಂಚಿನ ಪುಲ್ಲಿ ಇದ್ದರೆ ಶಾಫ್ಟು ನಿಮಿಷಕ್ಕೆ 1920 ಸುತ್ತು ತಿರುಗುತ್ತದೆ. ಆಗ 14 ಇಂಚಿನ ಬ್ಲೇಡಿನ ಹಲ್ಲು ಸೆಕೆಂಡಿಗೆ ಸುಮಾರು 36 ಮೀಟರ್ ಓಡುತ್ತಿತ್ತು. ಅದೇ ಶಾಫ್ಟಿನಲ್ಲಿ 10 ಇಂಚಿನ ಬ್ಲೇಡಿನ ಹಲ್ಲು ಓಡುವುದು ಬರೀ 25 ಮೀಟರ್ ಚಿಲ್ಲರೆ. ಕಾರ್ಬೈಡ್ ಹಲ್ಲಿಗೆ ಇದು ತೀರಾ ನಿಧಾನ. ಕೊಯ್ಯುವ ಬದಲು ಅದು ಮರವನ್ನು ಕಿತ್ತು ತೆಗೆಯುತ್ತದೆ, ನಾವು ಜೋರಾಗಿ ನೂಕತೊಡಗುತ್ತೇವೆ, ಅಪಾಯ ಅಲ್ಲಿಂದಲೇ ಶುರು. ಮೋಟರಿಗೆ 6 ಇಂಚು, ಶಾಫ್ಟಿಗೆ ಎರಡೂವರೆ ಇಂಚು ಪುಲ್ಲಿ ಹಾಕಿದರೆ 3456 ಸುತ್ತು. ಹಲ್ಲಿನ ಓಟ ಸೆಕೆಂಡಿಗೆ 46 ಮೀಟರ್. ಮನೆಯ ಮಶಿನ್ನಿಗೆ ಇದು ಹಿತವಾದ ವೇಗ. ಇದಕ್ಕಿಂತ ಏರಿಸುವ ಮುಂಚೆ ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆ ಓದಬೇಕು, ಅದನ್ನು ದಾಟುವಂತಿಲ್ಲ. ಅಮೆರಿಕದ ವಿಡಿಯೊ ನೋಡಿ ಪುಲ್ಲಿ ತರುವವರಿಗೆ ಇನ್ನೊಂದು ಮಾತು: ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿ 3450 ಸುತ್ತು ತಿರುಗುವ ಎರಡು ಪೋಲಿನ ಮೋಟರು ನಮ್ಮಲ್ಲಿ ತಿರುಗುವುದು ಸುಮಾರು 2880. ಅವರ ಪುಲ್ಲಿ ಲೆಕ್ಕ ನಮಗೆ ಒಗ್ಗುವುದಿಲ್ಲ.

ಎರಡನೆಯದು ಎತ್ತರ. ಬ್ಲೇಡಿನ ತ್ರಿಜ್ಯ 7 ಇಂಚಿನಿಂದ 5ಕ್ಕೆ ಇಳಿದರೆ ಮೇಜಿನ ಮೇಲೆ ಏಳುವ ಭಾಗ 2 ಇಂಚು ಕಡಿಮೆಯಾಗುತ್ತದೆ. ಅಂದರೆ ಮೇಜನ್ನು ಅಷ್ಟು ಕೆಳಗಿಳಿಸಲು ಜಾಗ ಬೇಕು. ಕೆಳಗಿನ ಪುಲ್ಲಿಯೋ ಬೇರಿಂಗಿನ ಮನೆಯೋ ಅಡ್ಡ ಬಂದರೆ ಚೌಕಟ್ಟಿನಲ್ಲೇ ಮಾರ್ಪಾಟು ಮಾಡಬೇಕಾಗುತ್ತದೆ. ಬ್ಲೇಡು ಕೊಳ್ಳುವ ಮುಂಚೆ ಶಾಫ್ಟಿನ ನಡುವಿನಿಂದ ಮೇಜಿನ ಮೇಲ್ಮೈಗೆ ಇರುವ ಕನಿಷ್ಠ ದೂರ ಅಳೆದುಕೊಳ್ಳುವುದು ಜಾಣತನ. ಬೀಡಿನ ಮೇಜಿಗೆ ಮಾತ್ರ ಎಲ್ಲೂ ವೆಲ್ಡಿಂಗ್ ಹಿಡಿಸಬೇಡಿ, ಬಿರಿಯುತ್ತದೆ. ತೂತು ಕೊರೆದು, ಮರೆ ಹಾಕಿ, ಬೋಲ್ಟಿನಲ್ಲೇ ಎಲ್ಲ ಜೋಡಣೆಯಾಗಲಿ.

10 ಇಂಚಿಗೆ ಇಳಿಯಲು ನನಗೆ ಇನ್ನೊಂದು ಕಾರಣವೂ ಇದೆ. ನಾವಿರುವುದು ಕಾಡಿನ ಜಿಲ್ಲೆಯಲ್ಲಿ. 1996ರಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಆದೇಶ ಕೊಟ್ಟ ಮೇಲೆ ದೇಶದಾದ್ಯಂತ ಸಾಮಿಲ್ಲುಗಳ ಮೇಲಿನ ನಿಗಾ ಬಿಗಿಯಾಯಿತು. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮರ ಆಧಾರಿತ ಉದ್ಯಮಗಳ ಮಾರ್ಗಸೂಚಿಯು, 30 ಸೆಂಟಿಮೀಟರಿಗಿಂತ ದೊಡ್ಡ ದುಂಡು ಗರಗಸವಾಗಲಿ ಬ್ಯಾಂಡ್ ಸಾ ಆಗಲಿ ಇಲ್ಲದೆ, ಕೊಯ್ದು ತಂದ ನಾಟಾ, ಪ್ಲೈವುಡ್ ಮುಂತಾದವುಗಳಲ್ಲಿ ಕೆಲಸ ಮಾಡುವ ಘಟಕಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಡುತ್ತದೆ. 10 ಇಂಚೆಂದರೆ 25.4 ಸೆಂಟಿಮೀಟರ್. 12 ಇಂಚಾದರೆ 30.5, ಗೆರೆ ದಾಟಿತು. ದಿಮ್ಮಿ ಸೀಳುವ ಕೆಲಸವನ್ನು ಪರವಾನಗಿ ಇರುವ ಸಾಮಿಲ್ಲಿಗೆ ಬಿಟ್ಟು, ಅಲ್ಲಿಂದ ಬಂದ ಹಲಗೆಯನ್ನಷ್ಟೇ ಮನೆಯಲ್ಲಿ ಹದ ಮಾಡಿಕೊಳ್ಳುವುದು ನಮ್ಮಂಥವರಿಗೆ ಸರಿಯಾದ ದಾರಿ. ಹಳೆಯ ದೊಡ್ಡ ಬ್ಲೇಡನ್ನೇ ಇಟ್ಟುಕೊಳ್ಳುವವರು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ. ಸ್ವಂತ ತೋಟದ ಸಾಗವಾನಿಯಾದರೂ ಕಡಿಯಲು ಅನುಮತಿ, ಸಾಗಿಸಲು ಪಾಸು ಬೇಕು; ಆ ಕಾಗದಗಳನ್ನು ಮಶಿನ್ನಿನ ಮಾಡಿನಲ್ಲೇ ಒಂದು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಆ ತಗಡು

ಈಗ ನಾನು ಹೇಳಲೇಬೇಕೆಂದುಕೊಂಡ ವಿಷಯಕ್ಕೆ ಬರುತ್ತೇನೆ.

ಟೇಬಲ್ ಸಾ ಬ್ಲೇಡಿನ ಮುಂಭಾಗದ ಹಲ್ಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮರವನ್ನು ಮೇಜಿಗೆ ಒತ್ತುತ್ತದೆ. ಹಿಂಭಾಗದ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಕೊಯ್ದ ಮರ ಆ ಹಿಂದಿನ ಹಲ್ಲಿಗೆ ತಾಗದೆ ಹೋದರೆ ಏನೂ ತೊಂದರೆ ಇಲ್ಲ. ತಾಗಿತೆಂದರೆ, ಹಲ್ಲು ಅದನ್ನು ಎತ್ತಿ ನಮ್ಮ ಕಡೆಗೇ ಎಸೆಯುತ್ತದೆ. ಸೆಕೆಂಡಿಗೆ 46 ಮೀಟರ್ ಎಂದರೆ ಗಂಟೆಗೆ 165 ಕಿಲೋಮೀಟರ್. ಎಸೆದ ಹಲಗೆ ಹೊಟ್ಟೆಗೆ ಬಡಿಯುವುದು ಒಂದು ಅಪಾಯ. ಅದಕ್ಕಿಂತ ಕ್ರೂರವಾದದ್ದು, ಹಲಗೆ ಹಿಡಿದಿದ್ದ ಕೈ ಅದರ ಜೊತೆ ಬ್ಲೇಡಿನ ಮೇಲೆ ಎಳೆದುಹೋಗುವುದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜಿನಂತೆ ಆ ಒಂದು ದೇಶದಲ್ಲೇ ವರ್ಷಕ್ಕೆ ಸುಮಾರು 30 ಸಾವಿರ ಜನ ಟೇಬಲ್ ಸಾ ಬ್ಲೇಡಿಗೆ ಸಿಕ್ಕು ಗಾಯಗೊಳ್ಳುತ್ತಾರೆ. ನಮ್ಮ ಕಡೆ ಬೆರಳು ಕಳೆದುಕೊಂಡ ಆಚಾರಿಯನ್ನು ನೋಡದ ಊರು ಕಡಿಮೆ. "ಕಸುಬು ಅಂದಮೇಲೆ ಇದ್ದದ್ದೇ" ಎಂದು ಅವರೇ ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ. ಅದು ಇದ್ದದ್ದಲ್ಲ, ತಪ್ಪಿಸಬಹುದಾದದ್ದು.

ಕೊಯ್ದ ಮರ ಹಿಂದಿನ ಹಲ್ಲಿಗೆ ಏಕೆ ತಾಗುತ್ತದೆ? ಗೈಡು ಓರೆಯಾಗಿರುವುದು ಒಂದು ಕಾರಣ. ಮರದೊಳಗಿನ ಬಿಗಿ ಇನ್ನೊಂದು. ಮರ ನಿಂತಲ್ಲೇ ನೂರು ಬಗೆಯ ಎಳೆತಗಳನ್ನು ಒಳಗಿಟ್ಟುಕೊಂಡು ಬೆಳೆದಿರುತ್ತದೆ: ಇಳಿಜಾರಿನಲ್ಲಿ ಬಾಗಿ ಬೆಳೆದದ್ದು, ಗಾಳಿಗೆ ಒಂದೇ ಮಗ್ಗುಲಿಗೆ ತೂಗಿದ್ದು, ಅವಸರದಲ್ಲಿ ಒಣಗಿಸಿದ್ದು. ಸೀಳಿದ ಕೂಡಲೇ ಆ ಬಿಗಿ ಬಿಚ್ಚಿಕೊಳ್ಳುತ್ತದೆ. ಕೆಲವು ಹಲಗೆ ಬಾಯಿ ತೆರೆಯುತ್ತವೆ, ಕೆಲವು ಬಾಯಿ ಮುಚ್ಚಿ ಬ್ಲೇಡನ್ನು ಕಚ್ಚುತ್ತವೆ. ನೆಡುತೋಪಿನ ಅಕೇಶಿಯಾವನ್ನು ಸೀಳಿದವರಿಗೆ ಇದು ಚೆನ್ನಾಗಿ ಗೊತ್ತು. ಅರ್ಧ ದಾರಿಯಲ್ಲೇ ಸೀಳು ಮುಚ್ಚಿಕೊಳ್ಳುತ್ತ ಬರುತ್ತದೆ. ಹಲಸಿನ ಎಳೆಗಳು ಒಂದರೊಳಗೊಂದು ಹೆಣೆದಿರುವುದರಿಂದ ಅದೂ ಹೇಳಿದ ಮಾತು ಕೇಳುವ ಮರವಲ್ಲ. ಹಳೆಯ ಆಚಾರಿಗಳು ಸಹಾಯಕ್ಕೊಬ್ಬ ಹುಡುಗನನ್ನು ಹಿಂದೆ ನಿಲ್ಲಿಸಿ, ಸೀಳಿಗೆ ಮರದ ಬೆಣೆ ಸಿಕ್ಕಿಸುತ್ತಿದ್ದರು. ಬೆಣೆಯ ಕೆಲಸವನ್ನು ಯಾರ ಕೈಯ ಹಂಗೂ ಇಲ್ಲದೆ ಮಾಡುವುದೇ ರೈವಿಂಗ್ ನೈಫ್ ಎಂಬ ಉಕ್ಕಿನ ತಗಡು. ಬ್ಲೇಡಿನ ಬೆನ್ನಿಗೆ, ಅದರ ದುಂಡಿಗೆ ಹೊಂದುವಂತೆ ಬಾಗಿ ನಿಲ್ಲುತ್ತದೆ. ಸೀಳು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಹಲಗೆ ಹಿಂದಿನ ಹಲ್ಲಿನ ಕಡೆ ವಾಲದಂತೆಯೂ ತಡೆಯುತ್ತದೆ.

ಯುರೋಪಿನ ಮಶಿನ್ನುಗಳಲ್ಲಿ ಇದು ಬಹಳ ಹಿಂದಿನಿಂದ ಇದೆ. ಅಮೆರಿಕದಲ್ಲಿ ಹೊಸ ವಿನ್ಯಾಸದ ಟೇಬಲ್ ಸಾಗಳಿಗೆ ಇದು ಕಡ್ಡಾಯವಾದದ್ದು 2008ರ ಹೊತ್ತಿಗೆ. ಅಲ್ಲಿ 1939ರಲ್ಲಿ ಬಂದ ಡೆಲ್ಟಾ ಕಂಪನಿಯ ಯೂನಿಸಾದಂಥ ಮಶಿನ್ನುಗಳಲ್ಲಿ ಮೇಜು ಸ್ಥಿರ, ಬ್ಲೇಡೇ ಏರುತ್ತದೆ, ಇಳಿಯುತ್ತದೆ, ಓರೆಯಾಗುತ್ತದೆ. ತಗಡೂ ಬ್ಲೇಡಿನ ಜೊತೆ ಏರಿಳಿಯಬೇಕು. ಹಳೆಯ ಯೂನಿಸಾಗೆ ಅದನ್ನು ಹೊಂದಿಸುವುದು ತಲೆನೋವಿನ ಕೆಲಸ.

ನಮ್ಮ ಬಡ ಮಶಿನ್ನಿನ ಭಾಗ್ಯ ನೋಡಿ. ನಮ್ಮದರಲ್ಲಿ ಶಾಫ್ಟು ಚೌಕಟ್ಟಿಗೆ ಬಿಗಿದು ಕೂತಿದೆ, ಬ್ಲೇಡು ಅಲುಗುವುದಿಲ್ಲ. ಏರಿಳಿಯುವುದು ಮೇಜು. ಹಾಗಾಗಿ ಬೇರಿಂಗಿನ ಮನೆಯ ಪಕ್ಕ ಚೌಕಟ್ಟಿಗೆ ಒಂದು ಕೋನಪಟ್ಟಿ ಬಿಗಿದು, ಅದಕ್ಕೆ ತಗಡನ್ನು ಬೋಲ್ಟು ಮಾಡಿದರೆ ಮುಗಿಯಿತು. ಮೇಜು ಎಷ್ಟೇ ಏರಲಿ ಇಳಿಯಲಿ, ಬ್ಲೇಡಿಗೂ ತಗಡಿಗೂ ಇರುವ ಅಂತರ ಬದಲಾಗದು. ದುಬಾರಿ ಮಶಿನ್ನಿನಲ್ಲಿ ಕಷ್ಟವಾದ ಕೆಲಸ ಇಲ್ಲಿ ವೆಲ್ಡಿಂಗ್ ಶಾಪಿನ ಒಂದು ಮಧ್ಯಾಹ್ನದ ಕೆಲಸ. ಇಷ್ಟು ಸುಲಭವಾದದ್ದನ್ನು ಇಷ್ಟು ವರ್ಷ ಯಾರೂ ಹಾಕಿಸಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಅಳತೆಗಳು ಹೀಗೆ. ಬ್ಲೇಡಿನ ಹಲ್ಲಿನ ಅಗಲ 3.2 ಮಿ.ಮೀ., ಅದರ ತಟ್ಟೆಯ ದಪ್ಪ 2.2 ಮಿ.ಮೀ. ಎಂದಿಟ್ಟುಕೊಳ್ಳಿ. ತಗಡು ಇವೆರಡರ ನಡುವೆ ಇರಬೇಕು, 2.5 ಮಿ.ಮೀ. ಉಕ್ಕು ಸರಿಹೋಗುತ್ತದೆ. ತಟ್ಟೆಗಿಂತ ತೆಳ್ಳಗಾದರೆ ಸೀಳನ್ನು ಅಗಲಿಸಿ ಹಿಡಿಯಲಾರದು, ಹಲ್ಲಿಗಿಂತ ದಪ್ಪವಾದರೆ ಹಲಗೆ ಮುಂದೆ ಹೋಗದು. ಹಲ್ಲಿನ ತುದಿಯಿಂದ ತಗಡಿನ ಅಂಚಿಗೆ 3ರಿಂದ 8 ಮಿ.ಮೀ. ಅಂತರ. ತಗಡಿನ ತಲೆ ಬ್ಲೇಡಿನ ನೆತ್ತಿಗಿಂತ ತುಸು ಕೆಳಗೆ ಇದ್ದರೆ ಪೂರ್ತಿ ಸೀಳದ ಗಾಡಿ (ತೋಡು) ಕೊಯ್ಯುವಾಗಲೂ ಅದನ್ನು ಬಿಚ್ಚಬೇಕಾಗಿಲ್ಲ. ಮೇಜಿನ ಸೀಳುಗಂಡಿ ಹಿಂದಕ್ಕೆ ಸಾಲದಿದ್ದರೆ ಅದನ್ನು ಮಿಲ್ಲಿಂಗ್ ಮಾಡಿಸಿ ಉದ್ದ ಮಾಡಿಸಬೇಕು. ಮೊದಲು ರಟ್ಟಿನಲ್ಲಿ, ಆಮೇಲೆ ತೆಳು ತಗಡಿನಲ್ಲಿ ಅಚ್ಚು ಕತ್ತರಿಸಿ ಹೊಂದಿಸಿ ನೋಡಿ, ಕೊನೆಗೆ ಉಕ್ಕಿಗೆ ಹೋಗುವುದು ಲೇಸು. ಬ್ಲೇಡಿನ ಮೇಲಿನ ಮುಚ್ಚಳವನ್ನು ಇದೇ ತಗಡಿಗೆ ಜೋಡಿಸದೆ ಮಾಡಿನ ತೊಲೆಯಿಂದ ಇಳಿಬಿಟ್ಟ ಬೇರೊಂದು ತೋಳಿಗೆ ಹಾಕಿಸಿದರೆ, ಮುಚ್ಚಳ ತೆಗೆಯಬೇಕಾದ ಕೆಲಸದಲ್ಲೂ ತಗಡು ಮಾತ್ರ ಉಳಿದಿರುತ್ತದೆ.

ಬೆರಳು ತಾಗಿದ ಕೂಡಲೇ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲಿಸುವ ತಂತ್ರವೂ ಇದೆ. 1999ರಲ್ಲಿ ಅಮೆರಿಕದ ಸ್ಟೀವ್ ಗ್ಯಾಸ್ ಕಂಡುಹಿಡಿದದ್ದು, ಸಾಸ್ಟಾಪ್ ಎಂದು ಹೆಸರು. ಅದ್ಭುತವಾದದ್ದು, ಆದರೆ ಅದು ಆ ಮಶಿನ್ನಿನ ಮೈಯಲ್ಲೇ ಇರುವ ಏರ್ಪಾಡು. ಹಳೆಯದಕ್ಕೆ ತಂದು ಜೋಡಿಸುವಂಥದ್ದಲ್ಲ. ನಮಗೆ ತಗಡು, ಮುಚ್ಚಳ, ನೂಕುಗೋಲು ಇವೇ ಗತಿ. ನೂಕುಗೋಲನ್ನು ಎರಡು ಮಾಡಿ ಗೈಡಿನ ಪಕ್ಕದಲ್ಲೇ ಮೊಳೆಗೆ ತೂಗುಹಾಕಿ. ದೂರ ಇಟ್ಟ ನೂಕುಗೋಲನ್ನು ಅವಸರದಲ್ಲಿ ಯಾರೂ ಹುಡುಕುವುದಿಲ್ಲ.

ಕರೆಂಟು ಹೋಗಿ ಬಂದಾಗ

ನಮಗೆ ಜೀವದ ಪ್ರಶ್ನೆಯಾದ ಸಂಗತಿ ಇದು. ಮಳೆಗಾಲದಲ್ಲಿ ಹಲಗೆ ಅರ್ಧ ಸೀಳಿದಾಗ ಕರೆಂಟು ಹೋಗುತ್ತದೆ. ಬ್ಲೇಡು ನಿಧಾನಕ್ಕೆ ನಿಲ್ಲುತ್ತದೆ. ಸಿಕ್ಕಿಕೊಂಡ ಹಲಗೆ ಬಿಡಿಸಲು ಕೈ ಅಲ್ಲಿಗೆ ಹೋಗುತ್ತದೆ. ಗೋಡೆಯ ಸಾದಾ ಸ್ವಿಚ್ಚು ಆನ್ ಆಗಿಯೇ ಇದೆ. ಆಗ ಕರೆಂಟು ಬಂದರೆ? ಪಂಪ್‌ಸೆಟ್ಟಿಗೆ ಹಾಕುವಂಥ, ಹಸಿರು ಕೆಂಪು ಗುಂಡಿಯ ಸ್ಟಾರ್ಟರಿನಲ್ಲಿ ಒಂದು ಕಾಯಿಲ್ ಇರುತ್ತದೆ. ಕರೆಂಟು ಹೋದ ಕೂಡಲೇ ಅದು ಕಚ್ಚು ಬಿಡುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಮೋಟರು ಏಳುವುದಿಲ್ಲ. ಮೋಟರಿಗೆ ತಕ್ಕ ಇಂಥ ಸ್ಟಾರ್ಟರನ್ನು ಹಾಕಿಸದೆ ಯಾರೂ ಈ ಮಶಿನ್ನು ನಡೆಸಬಾರದು. ಕೆಂಪು ಗುಂಡಿಗೆ ಒಂದು ಅಗಲ ಹಲಗೆಯನ್ನು ತಿರುಗಣಿಯಲ್ಲಿ ಜೋಡಿಸಿ ಮೊಣಕಾಲಿನಿಂದ ಒತ್ತುವಂತೆ ಮಾಡಿಕೊಂಡರೆ ಎರಡೂ ಕೈ ಹಲಗೆಯ ಮೇಲಿದ್ದಾಗಲೇ ನಿಲ್ಲಿಸಬಹುದು.

ಕರೆಂಟು ಇದ್ದಾಗಲೂ ಅದರ ಒತ್ತಡ ನೋಡಬೇಕು. ಬೇಸಿಗೆಯಲ್ಲಿ ತೋಟಗಳ ಪಂಪೆಲ್ಲ ಏಳುವ ಹೊತ್ತಿಗೆ 230 ವೋಲ್ಟು ಇರಬೇಕಾದಲ್ಲಿ 180ಕ್ಕೆ ಇಳಿಯುತ್ತದೆ. ಇಂಡಕ್ಷನ್ ಮೋಟರಿನ ತಿರುಗುಬಲ ವೋಲ್ಟಿನ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ, 180 ವೋಲ್ಟಿನಲ್ಲಿ ಉಳಿಯುವುದು ಮೂಲದ ಶೇ 61ರಷ್ಟು ಮಾತ್ರ. 2 ಎಚ್‌ಪಿ ಮೋಟರು ಸಾಲದು ಎಂದು 3 ಎಚ್‌ಪಿ ಕೊಳ್ಳುವವರು ಮೊದಲು ಒಂದು ವೋಲ್ಟ್‌ಮೀಟರು ಕೊಂಡು ಗೋಡೆಗೆ ಹಾಕಲಿ. ನನ್ನ ಅನುಭವದಲ್ಲಿ ಹರಿತವಾದ 24 ಹಲ್ಲಿನ ಬ್ಲೇಡು, ನೇರವಾದ ಗೈಡು, ಒಳ್ಳೆಯ ವೋಲ್ಟೇಜು ಇದ್ದರೆ 2 ಎಚ್‌ಪಿ ಎರಡು ಇಂಚಿನ ಸಾಗವಾನಿಯನ್ನು ಆಯಾಸವಿಲ್ಲದೆ ಸೀಳುತ್ತದೆ. ಹಳೆಯ ಮಶಿನ್ನಿನ ಜೊತೆ ತ್ರೀ ಫೇಸ್ ಮೋಟರು ಬಂದಿದ್ದರೆ ತೋಟದ ಪಂಪ್‌ಸೆಟ್ಟಿನ ಲೈನಿಗೆ ಸಿಕ್ಕಿಸುವ ಯೋಚನೆ ಬೇಡ. ಆ ಕರೆಂಟು ನೀರಾವರಿಗೆಂದೇ ಕೊಟ್ಟದ್ದು. ಮನೆಯ ಸಿಂಗಲ್ ಫೇಸಿನಿಂದ ತ್ರೀ ಫೇಸ್ ಮೋಟರು ಓಡಿಸುವ ವಿಎಫ್‌ಡಿ ಪೆಟ್ಟಿಗೆಗಳು ಸಿಗುತ್ತವೆ. ಅದಕ್ಕೆ ಮೋಟರಿನ ಸುತ್ತುಗಳನ್ನು 230 ವೋಲ್ಟಿಗೆ ಡೆಲ್ಟಾದಲ್ಲಿ ಜೋಡಿಸಬೇಕು, ಅಂದರೆ ಒಳಗಿನಿಂದ ಆರು ವೈರು ಹೊರಗೆ ಬಂದಿರಬೇಕು. ರಿವೈಂಡಿಂಗ್ ಮಾಡುವವರಿಗೆ ತೋರಿಸಿದರೆ ನೋಡಿ ಹೇಳುತ್ತಾರೆ. ಅರ್ತಿಂಗಂತೂ ಬೇಕೇಬೇಕು. ಹೊಸ ಲೋಡಿಗೆ ಮೀಟರು ತಡೆಯುತ್ತದೆಯೇ ಎಂದು ಹೆಸ್ಕಾಂನವರಲ್ಲಿ ಕೇಳುವುದೂ ಬೇಕು.

ಗೈಡಿನ ಮಾತು ಇನ್ನೂ ಬಾಕಿ. ಹಳೆಯ ಗೈಡು ಎಂದರೆ ಸಾಮಾನ್ಯವಾಗಿ ಎರಡು ಸಿ-ಕ್ಲಾಂಪಿನಲ್ಲಿ ಬಿಗಿದ ಒಂದು ರೀಪು. ಅದರ ಬದಲು ಅಮೆರಿಕದ ಬಿಲ್ ಬೀಸ್ಮೈಯರ್ 1970ರ ದಶಕದಲ್ಲಿ ರೂಪಿಸಿದ ಟಿ ಆಕಾರದ ಗೈಡನ್ನು ಯಾವ ಊರಿನಲ್ಲೂ ಮಾಡಿಸಬಹುದು. ಮೇಜಿನ ಮುಂದೆ ಒಂದು ಚೌಕ ಪೈಪು, ಅದರ ಮೇಲೆ ಜಾರುವ ಟಿ, ಟಿಯ ಬಾಲವಾಗಿ ಎರಡು ಇಂಚು ಮೂರು ಇಂಚಿನ ಬಾಕ್ಸ್ ಪೈಪು, ಬಿಗಿಯಲು ಒಂದು ಹಿಡಿಕೆ. ವೆಲ್ಡಿಂಗಿನ ಕಾವಿಗೆ ಪೈಪು ಬಾಗುವುದರಿಂದ ಎದುರುಬದುರು ಚುಕ್ಕಿ ಹಾಕುತ್ತ, ಆರಲು ಬಿಡುತ್ತ ಹೋಗುವಂತೆ ಹೇಳಬೇಕು. ಬಾಕ್ಸ್ ಪೈಪಿನ ಎರಡೂ ಮಗ್ಗುಲಿಗೆ 18 ಮಿ.ಮೀ. ಪ್ಲೈವುಡ್ ಬಿಗಿದು, ಹಿಂದೆ ಕಾಗದದ ಮಡಿಕೆ ಕೊಟ್ಟು ನೇರ ಹೊಂದಿಸಿಕೊಳ್ಳಬಹುದು. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೆ ತಂದಾಗ ಮೇಜಿನ ಮೇಲಿನ ಉದ್ದನೆಯ ಗಾಡಿಯಿಂದ ಎಷ್ಟು ದೂರ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿದಾಗ ಎಷ್ಟು ದೂರ, ಅಳೆಯಿರಿ. ವ್ಯತ್ಯಾಸ 0.1 ಮಿ.ಮೀ. ಒಳಗೆ ಬರುವವರೆಗೆ ಮೇಜಿನ ಬೋಲ್ಟು ಸಡಿಲಿಸಿ ತಟ್ಟುತ್ತಿರಬೇಕು. ಆಮೇಲೆ ಗೈಡನ್ನು ಅದೇ ಗಾಡಿಗೆ ಸಮನಾಗಿ ನಿಲ್ಲಿಸಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಬ್ಲೇಡಿನ ಸದ್ದೇ ಬದಲಾಗಿಬಿಡುತ್ತದೆ.

ರಂದಾ ಮತ್ತು ಗರಗಸ ಒಂದೇ ಶಾಫ್ಟಿನಲ್ಲಿರುವ ಜೋಡಿ ಮಶಿನ್ನುಗಳೂ ನಮ್ಮಲ್ಲಿ ಬಹಳ. ಅದರಲ್ಲಿ ಗರಗಸಕ್ಕೆ ಹಲಗೆ ಕೊಡುವಾಗ ಪಕ್ಕದಲ್ಲಿ ರಂದಾದ ಅಲಗೂ ತಿರುಗುತ್ತಲೇ ಇರುತ್ತದೆ. ರಂದಾದ ಬಾಯಿಗೆ ಭದ್ರವಾದ ಹಲಗೆ ಬಿಗಿಯದೆ ಗರಗಸ ನಡೆಸಬೇಡಿ. ಕೈಲಾದರೆ ಗರಗಸಕ್ಕೆ ಬೇರೆಯೇ ಶಾಫ್ಟು ಮಾಡಿಸಿ.

ಹೊಟ್ಟಿನ ವಿಷಯವನ್ನು ನಮ್ಮವರು ಹಗುರ ಮಾಡುತ್ತಾರೆ. ದಪ್ಪ ಹೊಟ್ಟು ಒಲೆಗೂ ಕೊಟ್ಟಿಗೆಗೂ ಉಪಯೋಗಕ್ಕೆ ಬರುತ್ತದೆ, ನಿಜ. ಗಾಳಿಯಲ್ಲಿ ತೇಲುವ ಸಣ್ಣ ಧೂಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ; ಮೂಗಿನ ಒಳಭಾಗಕ್ಕೆ ಅದರ ಹೊಡೆತ ಹೆಚ್ಚು. ಬ್ಲೇಡಿನ ಕೆಳಗೆ ತಗಡಿನ ತೊಟ್ಟಿ ಕಟ್ಟಿಸಿ, ಅದಕ್ಕೆ 4 ಇಂಚಿನ ಪಿವಿಸಿ ಪೈಪು ಜೋಡಿಸಿ, ಮಾಡಿನ ಹೊರಗೆ ಬ್ಲೋವರು ಇಟ್ಟರೆ ಹೆಚ್ಚಿನ ಧೂಳು ಆಚೆ ಹೋಗುತ್ತದೆ. ಉಳಿದದ್ದಕ್ಕೆ ಮಾಸ್ಕು.

ತುಕ್ಕನ್ನು ಕೊನೆಗಿಟ್ಟೆ. ಸೀಮೆಎಣ್ಣೆ ಹಚ್ಚಿ ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಒರೆಸಿ, ಮೇಣದಬತ್ತಿಯ ಮೇಣ ಬಳಿದು ಬಟ್ಟೆಯಿಂದ ತಿಕ್ಕಿದರೆ ಮೇಜು ನುಣುಪಾಗುತ್ತದೆ, ಹಲಗೆ ಸಲೀಸಾಗಿ ಜಾರುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದು ಹೊಟ್ಟನ್ನು ಹಿಡಿದಿಡುತ್ತದೆ, ಹಲಗೆಗೆ ಕಲೆ ಹತ್ತಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಗಾಳಿಯಲ್ಲೇ ನೀರಿರುವುದರಿಂದ ಮೇಣ ಬಳಿಯುವ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಗೋಣಿಚೀಲ ಮಾತ್ರ ಹೊದಿಸಬಾರದು, ಅದು ತೇವ ಹೀರಿ ಬೀಡಿಗೇ ಕೊಡುತ್ತದೆ.

ಒಟ್ಟಿನ ಖರ್ಚಿನಲ್ಲಿ ದೊಡ್ಡ ಪಾಲು ಹೋದದ್ದು ಶಾಫ್ಟಿಗೆ ಮತ್ತು ಬ್ಲೇಡುಗಳಿಗೆ. ತಗಡಿಗೆ ತಗಲಿದ್ದು ಎಲ್ಲಕ್ಕಿಂತ ಕಡಿಮೆ. ಅದರ ಅಚ್ಚನ್ನು ನಾನು ಎಸೆದಿಲ್ಲ. ಒಂದು ಪ್ರತಿಯನ್ನು ಅದನ್ನು ಕತ್ತರಿಸಿಕೊಟ್ಟ ವೆಲ್ಡಿಂಗ್ ಶಾಪಿನಲ್ಲೇ ಗೋಡೆಗೆ ತೂಗುಹಾಕಿಸಿದ್ದೇನೆ, ಬ್ಲೇಡಿನ ಅಳತೆ ಮತ್ತು ಬಿಡಬೇಕಾದ ಅಂತರವನ್ನು ಅದರ ಮೇಲೆಯೇ ಬಣ್ಣದಲ್ಲಿ ಬರೆಸಿದ್ದೇನೆ. 10 ಇಂಚಿನ ಬ್ಲೇಡು ಹಾಕುವ ಯಾರೇ ಬಂದರೂ ಅದನ್ನು ಉಕ್ಕಿನ ಮೇಲಿಟ್ಟು ಗೆರೆ ಎಳೆದುಕೊಂಡು ಹೋಗಬಹುದು. 12 ಇಂಚಿನವರಿಗೆ ಇನ್ನೊಂದು ಅಚ್ಚು ಕತ್ತರಿಸಿಡಲು ಶಾಪಿನವರು ಒಪ್ಪಿದ್ದಾರೆ.